ತರಗು ಬೆಂಕಿಯ ಕಾಲ

ಚಾಮರಾಜನಗರ ಜಿಲ್ಲೆಯ ಬಿಳಿಗಿರಿರಂಗನ ಬೆಟ್ಟದಲ್ಲಿ ಹಿಂದೆ ಬೇಸಿಗೆಗೆ ಮುನ್ನವೇ ಹೊಗೆ ಏಳುತ್ತಿತ್ತು. ಹುಲ್ಲಿನ ಬುಡದಲ್ಲಿ ಇನ್ನೂ ಇಬ್ಬನಿಯ ತೇವ ಇರುವಾಗಲೇ ಅಲ್ಲಿನ ಬುಡಕಟ್ಟು ಜನರಾದ ಸೋಲಿಗರು ಒಣಗಿದ ತರಗೆಲೆಗೆ ಕಿಡಿ ತಾಗಿಸುತ್ತಿದ್ದರು. ಮೊಣಕಾಲೆತ್ತರವೂ ಏಳದ ಜ್ವಾಲೆ ನೆಲ ಸವರಿಕೊಂಡು ಹೋಗಿ ತಾನಾಗಿಯೇ ಆರುತ್ತಿತ್ತು. ಮರದ ತೊಗಟೆ ಕಪ್ಪಾದರೂ ಮರ ಸಾಯುತ್ತಿರಲಿಲ್ಲ. ಇದೇ 'ತರಗು ಬೆಂಕಿ'.

ಮಾರ್ಚ್, ಏಪ್ರಿಲ್ ಹೊತ್ತಿಗೆ ಸುಡಲು ಹೆಚ್ಚೇನೂ ಉಳಿದಿರುತ್ತಿರಲಿಲ್ಲ.

1972ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂತು. 1974ರಲ್ಲಿ ಬೆಟ್ಟ ಅಭಯಾರಣ್ಯವಾಯಿತು. ಸೋಲಿಗರು ಪೋಡುಗಳೆಂಬ ಹಟ್ಟಿಗಳಲ್ಲಿ ನೆಲೆಗೊಂಡರು, ಬೆಂಕಿ ಹಚ್ಚುವುದು ಅಪರಾಧವಾಯಿತು. ಆಮೇಲೆ ತರಗು ಪದರಪದರವಾಗಿ ಕೂಡಿತು, ಲಂಟಾನ ಕಳೆ ದಟ್ಟವಾಗಿ ಹಬ್ಬಿತು. ನೆಲ್ಲಿಮರಗಳಿಗೆ ಬಂದಣಿಕೆ ಎಂಬ ಪರಾವಲಂಬಿ ಗಿಡ ಹತ್ತಿದ್ದೂ ಬೆಂಕಿ ನಿಂತದ್ದರಿಂದಲೇ ಎನ್ನುತ್ತಾರೆ ಸೋಲಿಗ ಹಿರಿಯರು. ಅವರ ಈ ಮಾತನ್ನು ಪರಿಸರ ವಿಜ್ಞಾನಿಗಳು ಸಂಶೋಧನಾ ಪ್ರಬಂಧಗಳಲ್ಲೂ ದಾಖಲಿಸಿದ್ದಾರೆ.

ಆದರೆ ಕಾಳ್ಗಿಚ್ಚು ತಡೆಯಲು ಅರಣ್ಯ ಇಲಾಖೆಗೂ ಕಾಡಿನ ಜನರ ಕೈ ಬೇಕೇ ಬೇಕು. ಬೇಸಿಗೆಗೆ ಮೊದಲು ಬೆಂಕಿರೇಖೆ ಸವರುವವರು, ಗುಡ್ಡದ ಮೇಲೆ ಕೂತು ಹೊಗೆ ಕಾಯುವವರು, ಹಸಿ ಸೊಪ್ಪಿನಿಂದ ಬಡಿದು ಬೆಂಕಿ ನಂದಿಸುವವರು ಹೆಚ್ಚಾಗಿ ಹತ್ತಿರದ ಹಾಡಿ, ಪೋಡುಗಳವರೇ. 2019ರ ಫೆಬ್ರುವರಿಯಲ್ಲಿ ಬಂಡೀಪುರದ ಸಾವಿರಾರು ಎಕರೆ ಕಾಡು ಉರಿದಾಗ ಸ್ವಯಂಸೇವಕರೂ ಸೊಪ್ಪು ಹಿಡಿದು ನಿಂತರು.

2011ರಲ್ಲಿ ಬಿಳಿಗಿರಿಯ ಸೋಲಿಗರಿಗೆ ಅರಣ್ಯದ ಮೇಲೆ ಸಮುದಾಯದ ಹಕ್ಕು ಸಿಕ್ಕಿತು. ಜೇನು, ನೆಲ್ಲಿಕಾಯಿ, ಪಾಚಿ ಸಂಗ್ರಹಕ್ಕೆ ಆ ಹಕ್ಕುಪತ್ರ ದಾರಿ ತೆರೆಯಿತು. ಅಜ್ಜಂದಿರ ಕಿಡಿಗೆ ಮಾತ್ರ ಅದರಲ್ಲಿ ಜಾಗವಿರಲಿಲ್ಲ.