ಕುಂಕುಮದ ನೀರು, ಅದಿರಿನ ಗಾಡಿ

1994ರಲ್ಲಿ ಹೊಸಪೇಟೆಯ ಗ್ಯಾರೇಜೊಂದಕ್ಕೆ ಹೆಲ್ಪರ್ ಆಗಿ ಸೇರಿದಾಗ ನನಗೆ ಕೊಟ್ಟ ಮೊದಲ ಕೆಲಸ ಏರ್ ಕ್ಲೀನರಿನ ಬಟ್ಟಲು ತೊಳೆಯುವುದು. ಆಗಿನ ಹಳೇ ಲಾರಿಗಳಲ್ಲಿ ಕಾಗದದ ಫಿಲ್ಟರ್ ಇರುತ್ತಿರಲಿಲ್ಲ. ಕೆಳಗೊಂದು ಬಟ್ಟಲು, ಅದರಲ್ಲಿ ಎಂಜಿನ್ ಆಯಿಲ್, ಮೇಲೆ ತಂತಿಯ ಜಾಲರಿ. ಒಳಗೆ ಬಂದ ಗಾಳಿ ಆಯಿಲ್‌ಗೆ ಬಡಿದು ಮೇಲಕ್ಕೆ ತಿರುಗುವಾಗ ಧೂಳು ಅಲ್ಲೇ ಉಳಿಯುತ್ತಿತ್ತು. ಸಂಡೂರಿನ ಗಣಿ ಕಡೆಯ ಗಾಡಿಯಾದರೆ ಬಟ್ಟಲಿನ ತಳದಲ್ಲಿ ಅಂಬಲಿಯಂಥ ಕೆಂಪು ರಾಡಿ. ಸೀಮೆಎಣ್ಣೆಯಲ್ಲಿ ಜಾಲರಿ ಜಾಲಿಸಿ, ಗೆರೆಯವರೆಗೆ ಹೊಸ ಆಯಿಲ್ ಹೊಯ್ದರೆ ಗಾಳಿಯ ಕೆಲಸ ಮುಗಿಯಿತು. ಆಮೇಲೆ ಅದನ್ನು ಕೇಳುವವರಿರಲಿಲ್ಲ.

ಎಲ್ಲರ ಕಣ್ಣೂ ಡೀಸೆಲ್ ಪಂಪಿನ ಮೇಲೆ. ಟಾಟಾದವರು 1954ರಲ್ಲಿ ಬೆಂಜ್ ಕಂಪನಿಯ ಜೊತೆಗೂಡಿ ಜಮ್‌ಶೆಡ್‌ಪುರದಲ್ಲಿ ಲಾರಿ ಕಟ್ಟತೊಡಗಿದ ಕಾಲದಿಂದ ನಮ್ಮ ಮೇಸ್ತ್ರಿಗಳ ವಿದ್ಯೆಯೆಲ್ಲ ಬೆಳೆದದ್ದು ಪಂಪು, ನಾಜಲ್ಲುಗಳ ಸುತ್ತ. ಅವನ್ನು ತಯಾರಿಸುತ್ತಿದ್ದ ಬೆಂಗಳೂರಿನ ಆಡುಗೋಡಿಯ ಮೈಕೊ ಕಾರ್ಖಾನೆಯ ಹೆಸರು ಗೊತ್ತಿಲ್ಲದ ಕ್ಲೀನರ್ ಹುಡುಗನೂ ಇರಲಿಲ್ಲ. ಗಾಡಿ ಎಳೆಯದಿದ್ದರೆ ಪಂಪ್ ಬಿಚ್ಚು, ಸೆಟ್ಟಿಂಗಿಗೆ ಕಳಿಸು. ಅದು ತಪ್ಪೂ ಅಲ್ಲ. ಟರ್ಬೊ ಇಲ್ಲದ ಎಂಜಿನ್ ತನಗೆ ಬೇಕಾದ ಗಾಳಿಯನ್ನು ತಾನೇ ಎಳೆದುಕೊಳ್ಳುತ್ತದೆ. ಅಲ್ಲಿ ಹೆಚ್ಚುಕಡಿಮೆಯಾಗುವುದು ಬಹುಮಟ್ಟಿಗೆ ಡೀಸೆಲ್ಲೇ.

ಟರ್ಬೊ ಈ ಲೆಕ್ಕ ಕೆಡಿಸಿತು. ಸ್ವಿಟ್ಜರ್ಲೆಂಡಿನ ಆಲ್ಫ್ರೆಡ್ ಬ್ಯೂಕಿ 1905ರಲ್ಲೇ ಅದಕ್ಕೆ ಪೇಟೆಂಟ್ ಪಡೆದಿದ್ದ. 1920ರ ದಶಕದಲ್ಲಿ ಹಡಗಿನ ಎಂಜಿನ್‌ಗಳಿಗೆ ಅದು ಬಂತು. ನಮ್ಮ ಲಾರಿಗಳಲ್ಲಿ ಕಂಡದ್ದು ತೊಂಬತ್ತರ ದಶಕದಲ್ಲಿ, 2000ದ ಹೊಗೆ ನಿಯಮ ಬಂದ ಮೇಲೆ ಮಾಮೂಲಿ. ಸೈಲೆನ್ಸರಿಗೆ ಹೋಗುವ ಹೊಗೆ ಒಂದು ಚಕ್ರ ತಿರುಗಿಸುತ್ತದೆ, ಅದೇ ಶಾಫ್ಟಿನ ಇನ್ನೊಂದು ತುದಿಯ ಚಕ್ರ ಎಂಜಿನ್ನಿಗೆ ಗಾಳಿ ಒತ್ತಿ ತುಂಬುತ್ತದೆ. ನಿಮಿಷಕ್ಕೆ ಲಕ್ಷ ಸುತ್ತಿನ ಆಸುಪಾಸು. ಇದನ್ನು ನೋಡಿದ ದಿನ ನನಗೆ ರಾತ್ರಿ ನಿದ್ದೆ ಬರಲಿಲ್ಲ.

ಆಮೇಲೆ ಕಬ್ಬಿಣದ ಅದಿರಿನ ಕಾಲ ಬಂತು. ಚೀನಾದವರು ಕೊಳ್ಳುತ್ತಾರೆಂದು ಬೇಲೆಕೇರಿ, ಮಂಗಳೂರು ಬಂದರುಗಳಿಗೆ ಹಗಲುರಾತ್ರಿ ಲಾರಿ. ಹತ್ತು ಚಕ್ರದ ಗಾಡಿಗೆ ಆಗ ತನ್ನ ತೂಕವೂ ಸೇರಿ 25 ಟನ್ ಮಿತಿ, ಹೇರುತ್ತಿದ್ದದ್ದು ಅದಕ್ಕೂ ಮೀರಿ. ಏರಿನಲ್ಲಿ ಎಳೆಯಬೇಕಲ್ಲ, ಮಾಲೀಕರು ಪಂಪ್ ಏರಿಸಿಕೊಡಿ ಅನ್ನುತ್ತಿದ್ದರು. ಸ್ಕ್ರೂ ತಿರುಗಿಸಿದರೆ ಡೀಸೆಲ್ ಹೆಚ್ಚು ಬೀಳುತ್ತದೆ, ನಿಜ. ಆದರೆ ಅದು ಉರಿಯಲು ಗಾಳಿ? ಉರಿಯದೆ ಉಳಿದದ್ದು ಕಪ್ಪು ಹೊಗೆಯಾಗಿ ಹಿಂದಿನ ಗಾಡಿಯವನ ಮುಖಕ್ಕೆ. ಆ ಸ್ಕ್ರೂಗಳನ್ನು ನಾನೂ ತಿರುಗಿಸಿದ್ದೇನೆ. ಆ ಹೊಗೆ ಕುಡಿದ ರಸ್ತೆಬದಿಯ ಊರುಗಳ ಬಗ್ಗೆ ಈಗಲೂ ಸಂಕಟವಿದೆ.

2006ರ ಬೇಸಿಗೆಯಲ್ಲಿ ಅಂಥ ಒಂದು ಗಾಡಿ ಬಂತು. ಮೂರು ಸಲ ಪಂಪ್ ಬಿಚ್ಚಿಸಿಕೊಂಡು ಬಂದಿತ್ತು.

“ಘಾಟ್ನ್ಯಾಗ ಎಳಿಯವಲ್ದು ಉಸ್ತಾದ್. ಕಂತು ಕಟ್ಟಾಕ ಆಗವಲ್ದು,” ಅಂದ ಡ್ರೈವರ್. ಗಾಡಿ ಅವನದೇ.

ನಮ್ಮ ಗ್ಯಾರೇಜಿನ ಉಸ್ತಾದರು ಪಾನಾ ಹಿಡಿಯಲಿಲ್ಲ. “ತಮ್ಮಾ, ಗೌಂಡಿ ಲೆವೆಲ್ ಪೈಪ್ ಇಸ್ಕೊಂಡು ಬಾ,” ಅಂದರು. ಗೋಡೆ ಕಟ್ಟುವವರು ಮಟ್ಟ ನೋಡುವ ಪಾರದರ್ಶಕ ಪೈಪು. ಅದನ್ನು ಮೂರಡಿ ಹಲಗೆಗೆ ಇಂಗ್ಲಿಷಿನ ‘ಯು’ ಆಕಾರದಲ್ಲಿ ಬಡಿದು, ನಡುವೆ ಟೈಲರ್ ಟೇಪು ಅಂಟಿಸಿ, ಅರ್ಧದವರೆಗೆ ಕುಂಕುಮ ಕದಡಿದ ನೀರು ತುಂಬಿದರು. ಒಂದು ಬಾಯಿ ತೆರೆದೇ ಬಿಟ್ಟರು, ಇನ್ನೊಂದನ್ನು ಫಿಲ್ಟರ್ ಡಬ್ಬಿಯ ಹೊರಬಾಯಿಗೆ ಸಿಕ್ಕಿಸಿದರು. ಎಂಜಿನ್ ಗಾಳಿ ಎಳೆಯಲು ಎಷ್ಟು ತಿಣುಕುತ್ತಿದೆಯೋ ಅಷ್ಟು ಎರಡೂ ಕಡೆಯ ನೀರಿಗೆ ಅಂತರ. ಟರ್ಬೊ ಎಂಜಿನ್‌ಗಳಿಗೆ ಸಾಮಾನ್ಯವಾಗಿ ಹೇಳುವ ಮಿತಿ 25 ಇಂಚು.

ಲೋಡಿನ ಗಾಡಿಯನ್ನೇ ತುಂಗಭದ್ರೆಯ ಟಿ.ಬಿ. ಡ್ಯಾಮ್ ದಾಟಿದ ಮೇಲಿನ ಏರಿಗೆ ಹೊಡೆಸಿದರು. ನಾನು ಕ್ಯಾಬಿನ್ನಿನಲ್ಲಿ ಹಲಗೆ ನೆಟ್ಟಗೆ ಹಿಡಿದು ಕೂತಿದ್ದೆ. 9 ಇಂಚು. ಅಂದರೆ ಫಿಲ್ಟರ್ ಕಟ್ಟಿಲ್ಲ. ವಾಪಸು ಬಂದು ಪೈಪಿನ ತುದಿಯನ್ನು ಟರ್ಬೊ ಬಾಯಿಯ ಹತ್ತಿರ ಒಂದು ಸಣ್ಣ ತೂತಿಗೆ ಸಿಕ್ಕಿಸಿ ಮತ್ತೆ ಅದೇ ಏರು. ನಿಂತಲ್ಲಿ ನೀರು ಅಲುಗಲೂ ಇಲ್ಲ. ಏರು ಸಿಕ್ಕು ಡ್ರೈವರ್ ಎಕ್ಸಲರೇಟರ್ ಒತ್ತಿದ್ದೇ ತಡ 20, 30, ಕೆಂಪು ನೀರು ಹಲಗೆಯ ತುದಿಗೇ ಓಡಿತು. ಒಳಗೆ ಹೋದೀತೆಂದು ಪೈಪು ಚಿವುಟಿ ಹಿಡಿದೆ.

ಅಳತೆ ತೆಗೆದ ಎರಡು ಜಾಗಗಳ ನಡುವೆ ಇದ್ದದ್ದು ಒಂದೇ ಒಂದು ರಬ್ಬರ್ ಹೋಸು. ಹೊರಗೆ ಹೊಸದರಂತೆ ಹೊಳೆಯುತ್ತಿತ್ತು, ಕ್ಲಾಂಪು ಬಿಗಿ. ಉಸ್ತಾದರು ಅದನ್ನು ಬ್ಲೇಡಿನಿಂದ ಉದ್ದಕ್ಕೆ ಸೀಳಿದರು. ಆಯಿಲ್ ಹೊಗೆ, ಕಾವು ತಿಂದು ಒಳಪದರ ಬಿಟ್ಟುಕೊಂಡು ನಾಲಿಗೆಯಂತೆ ಜೋತುಬಿದ್ದಿತ್ತು. ನಿಂತಾಗ ಗೋಡೆಗೆ ಒರಗಿಕೊಂಡಿರುತ್ತಿದ್ದ ಆ ನಾಲಿಗೆ ಎಂಜಿನ್ ಜೋರಾಗಿ ಗಾಳಿ ಎಳೆದಾಗ ಎದ್ದು ದಾರಿಗೆ ಅಡ್ಡ ನಿಲ್ಲುತ್ತಿತ್ತು. ಹೊಸ ಹೋಸು ಹಾಕಿದರು. ಏರಿಸಿದ್ದ ಪಂಪನ್ನೂ ಇಳಿಸಿ ಮೊದಲಿನ ಸೆಟ್ಟಿಂಗಿಗೆ ತಂದರು. ಗಾಡಿ ಎಳೆಯಿತು. ಡ್ರೈವರ್ ಸೀಳಿದ ಹೋಸನ್ನು ಕೈಯಲ್ಲಿ ಹಿಡಿದು ಬಹಳ ಹೊತ್ತು ಸುಮ್ಮನೆ ನಿಂತಿದ್ದ.

2010ರ ಜುಲೈನಲ್ಲಿ ರಾಜ್ಯ ಸರ್ಕಾರ ಅದಿರು ರಫ್ತು ನಿಲ್ಲಿಸಿತು, ಮರುವರ್ಷದ ಜುಲೈನಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿಯ ಗಣಿಗಾರಿಕೆಯನ್ನೇ ತಡೆಯಿತು. ಲಾರಿಗಳು ಸಾಲಾಗಿ ನಿಂತವು. ಉಸ್ತಾದರು ಗ್ಯಾರೇಜ್ ಮುಚ್ಚಿ ಊರಿಗೆ ಹೋಗುವಾಗ ಹಲಗೆ ನನಗೆ ಕೊಟ್ಟರು.

ಈಗಿನ ಗಾಡಿಗಳಿಗೆ ಸ್ಕ್ಯಾನರ್ ಹಾಕಿದರೆ ಒಳಹೋಗುವ ಗಾಳಿಯ ಲೆಕ್ಕ ಪರದೆಯ ಮೇಲೆ ಬರುತ್ತದೆ. ಹಳೇ ಜೀಪುಗಳಲ್ಲಿ ಸೆನ್ಸರೇ ಇಲ್ಲ. ಹೋದ ತಿಂಗಳು ಸಂಡೂರಿನ ಹುಡುಗನೊಬ್ಬ ತಾತನ ಜೀಪಿಗೆ ಟರ್ಬೊ ಕೂರಿಸಿ ತಂದಿದ್ದ. ಹೊಗೆಯೋ ಹೊಗೆ, ಪಿಕಪ್ ಇಲ್ಲ. “ಅಣ್ಣಾ, ಪಂಪ್ ಬಿಚ್ಚೋಣೇನು?” ಅಂದ. ನಾನು ಹಲಗೆ ಇಳಿಸಿದೆ. ಫಿಲ್ಟರ್ ಡಬ್ಬಿಯ ಹೊರಬಾಯಿಯಲ್ಲೇ 31 ಇಂಚು. ಫಿಲ್ಟರ್ ಹೊಸದೇ, ಆದರೆ ಡಬ್ಬಿ ಟರ್ಬೊ ಇಲ್ಲದ ಎಂಜಿನ್ನಿನ ಅಳತೆಯದು. ದೊಡ್ಡ ಡಬ್ಬಿ ಕಟ್ಟಿ ಅದೇ ಟಿ.ಬಿ. ಡ್ಯಾಮ್ ಏರಿಗೆ ಹೋದೆವು. ಹಲಗೆ ಹಿಡಿದವನು ಅವನು. ನೀರು 14ಕ್ಕೆ ನಿಂತಿತು.