ಅನೈಸೊಟ್ರೊಪಿ

ಗ್ರೀಕಿನ ಮೂರು ತುಂಡುಗಳ ಪದ ಇದು. 'ಅನ್' ಎಂದರೆ ಇಲ್ಲ, 'ಐಸೊಸ್' ಎಂದರೆ ಸಮ, 'ಟ್ರೊಪೋಸ್' ಎಂದರೆ ತಿರುವು. ಮೊದಲ ತುಂಡು ನಮಗೆ ಹೊಸದಲ್ಲ. 'ಅನಂತ', 'ಅನುಚಿತ'ಗಳಲ್ಲಿರುವ ಸಂಸ್ಕೃತದ 'ಅನ್' ಅದರ ದಾಯಾದಿ. ಸೂರ್ಯ ಹಿಂತಿರುಗುವ ಸಂಕ್ರಾಂತಿ ವೃತ್ತಕ್ಕೆ 'ಟ್ರಾಪಿಕ್' ಎನ್ನುವುದೂ ಮೂರನೆಯ ತುಂಡಿನ ಬಳಗದಿಂದಲೇ. ದಿಕ್ಕು ಬದಲಾದರೆ ಗುಣವೂ ಬದಲಾಗುವುದು ಎಂಬುದು ಒಟ್ಟು ಅರ್ಥ. ಸೌದೆ ಎಳೆಯುದ್ದಕ್ಕೆ ಸಲೀಸಾಗಿ ಸೀಳುತ್ತದೆ, ಅಡ್ಡಕ್ಕೆ ಸೀಳುವುದಿಲ್ಲವಲ್ಲ, ಹಾಗೆ.

ನಿಕ್ಕಲ್ ಸಂಕೀರ್ಣಗಳ ಅಧ್ಯಯನದಲ್ಲಿ ಈ ಪದ ಪದೇ ಪದೇ ಬರುತ್ತದೆ. ಎರಡು ಧನಾವೇಶದ ನಿಕ್ಕಲ್ ಅಯಾನಿನಲ್ಲಿ ಸಾಮಾನ್ಯವಾಗಿ ಎರಡು ಒಂಟಿ ಎಲೆಕ್ಟ್ರಾನುಗಳು; ಒಟ್ಟು ಸ್ಪಿನ್ 1. ಸುತ್ತಲಿನ ಆರು ಪರಮಾಣುಗಳ ವಿನ್ಯಾಸ ತುಸು ಸೊಟ್ಟಗಾದರೂ ಸಾಕು, ಹೊರಗಿನ ಕಾಂತಕ್ಷೇತ್ರವಿಲ್ಲದೆಯೇ ಆ ಸ್ಪಿನ್ನಿನ ಮೂರು ಮಟ್ಟಗಳು ಒಡೆಯುತ್ತವೆ. ಅನೈಸೊಟ್ರೊಪಿ ಕಾಣಿಸುವುದು ಈ ಒಡಕಿನಲ್ಲೇ; ಅದರ ಅಳತೆಯನ್ನು 'ಡಿ' ಅಕ್ಷರದಿಂದ ಸೂಚಿಸುತ್ತಾರೆ. ಡಿ ಋಣವಾದರೆ ಕಾಂತತೆ ಒಂದು ಅಕ್ಷಕ್ಕೆ ಒಲಿಯುತ್ತದೆ, ಧನವಾದರೆ ಒಂದು ಸಮತಲಕ್ಕೆ.

ಅನೈಸೊಟ್ರೊಪಿಯನ್ನು ಕಾಂತೀಯ ಜೋಡಣೆಯೊಂದಿಗೆ ಬೆರೆಸಬಾರದು. ಜೋಡಣೆ ಎರಡು ಅಯಾನುಗಳ ನಡುವಿನ ವ್ಯವಹಾರ. ಅವೆರಡನ್ನು ಬೆಸೆಯುವ ಆಕ್ಸಿಜನ್ ಸೇತುವೆಯ ಕೋನ 90 ಡಿಗ್ರಿಗೆ ಹತ್ತಿರವಿದ್ದರೆ ಸ್ಪಿನ್ನುಗಳು ಒಂದೇ ದಿಕ್ಕಿಗೆ ನಿಲ್ಲುತ್ತವೆ. ಕೋನ ಸಾಕಷ್ಟು ಹಿಗ್ಗಿದರೆ ಎದುರುಬದುರಾಗುತ್ತವೆ. ಪೇಚೆಂದರೆ, ತೀರ ಶೀತದಲ್ಲಿ ಕಾಂತತೆಯ ಗ್ರಾಫ್ ಕುಸಿಯಲು ಎದುರುಬದುರು ಜೋಡಣೆಯೂ ಕಾರಣವಾಗಬಹುದು, ಅನೈಸೊಟ್ರೊಪಿಯೂ ಆಗಬಹುದು. ಪುಡಿಯ ಮಾದರಿಯ ಅಳತೆಯೊಂದನ್ನೇ ನಂಬಿ ತೀರ್ಪು ಕೊಡುವುದು ಅವಸರ.

ಕನ್ನಡದಲ್ಲಿ 'ದಿಕ್ಕುಭೇದ' ಎಂದು ಧಾರಾಳವಾಗಿ ಬರೆಯಬಹುದು.