ಅಪ್ಪಣೆ ಮನುಷ್ಯನಿಂದ ಯಂತ್ರಕ್ಕೆ

ಮನೆಯಲ್ಲೊಂದು ರೇಡಿಯೊ ಇಟ್ಟುಕೊಳ್ಳಬೇಕಾದರೆ ಅಂಚೆ ಕಚೇರಿಗೆ ಹೋಗಿ ಲೈಸೆನ್ಸ್ ಪುಸ್ತಕ ಮಾಡಿಸಬೇಕಿದ್ದ ಕಾಲ ಅರವತ್ತು ದಾಟಿದವರ ನೆನಪಿನಲ್ಲಿ ಇನ್ನೂ ಹಸಿಯಾಗಿದೆ. ವರ್ಷಕ್ಕೆ 15 ರೂಪಾಯಿ ಕಟ್ಟಿ, ಪುಟ್ಟ ಪುಸ್ತಕದ ಹಾಳೆಗೆ ಸ್ಟಾಂಪು ಅಂಟಿಸಿ, ಮೇಲೊಂದು ಮೊಹರು ಒತ್ತಿಸಿಕೊಂಡು ಬಂದರೆ ಆ ವರ್ಷದ ಮಟ್ಟಿಗೆ ನಿಶ್ಚಿಂತೆ. ಇದರ ಬೇರು ಇದ್ದದ್ದು 1933ರ ಭಾರತೀಯ ವೈರ್‌ಲೆಸ್ ಟೆಲಿಗ್ರಫಿ ಕಾಯ್ದೆಯಲ್ಲಿ. ನಿಸ್ತಂತು ಉಪಕರಣವನ್ನು ಪರವಾನಗಿಯಿಲ್ಲದೆ ಬಳಸುವುದಿರಲಿ, ಮನೆಯಲ್ಲಿ ಇಟ್ಟುಕೊಳ್ಳುವುದೇ ಆ ಕಾಯ್ದೆಯ ಕಣ್ಣಿಗೆ ಅಪರಾಧವಾಗಿತ್ತು. ಸೆಟ್ಟು ಎಂಥದು, ಅದರಿಂದ ನೆರೆಮನೆಯ ಸೆಟ್ಟಿಗೆ ಗೊರಗೊರ ಸದ್ದು ಬರುತ್ತದೆಯೇ ಎಂದು ಪುಸ್ತಕ ಕೇಳುತ್ತಿರಲಿಲ್ಲ. ಇದು ಯಾರದು ಎಂದಷ್ಟೇ ಕೇಳುತ್ತಿತ್ತು. ಕೇವಲ ಕೇಳುವ ಪೆಟ್ಟಿಗೆಗೆ ಇಷ್ಟು ಕಟ್ಟುಪಾಡಿದ್ದ ದೇಶದಲ್ಲಿ ಇಂದು ಜೇಬಿನ ಫೋನು, ಕಿವಿಯ ಇಯರ್‌ಫೋನು, ಗೋಡೆಯ ಮೇಲಿನ ರೌಟರು ಎಲ್ಲವೂ ಹಗಲಿರುಳು ತರಂಗಗಳನ್ನು ಹೊರಸೂಸುತ್ತಿವೆ, ಯಾರೂ ನಮ್ಮನ್ನು ಪುಸ್ತಕ ತೋರಿಸು ಎನ್ನುವುದಿಲ್ಲ. ಸಿಮ್ ಕಾರ್ಡಿಗೆ ಗುರುತಿನ ಚೀಟಿ ಕೇಳುತ್ತಾರೆ ನಿಜ. ಆದರೆ ಅದು ಕಂಪನಿಯ ಸೇವೆಗೆ, ಕೈಯಲ್ಲಿರುವ ಯಂತ್ರಕ್ಕಲ್ಲ. ಸರ್ಕಾರಗಳು ಏಕಾಏಕಿ ಉದಾರವಾದದ್ದರಿಂದ ಈ ಸ್ವಾತಂತ್ರ್ಯ ಬರಲಿಲ್ಲ. ಅಪ್ಪಣೆಯ ಭಾರ ಮನುಷ್ಯನ ಹೆಗಲಿನಿಂದ ಇಳಿದು ಯಂತ್ರದ ಮಾದರಿಯ ಮೇಲೆ ಕೂತದ್ದರಿಂದ ಬಂತು. ತಯಾರಕರು ಕೆಂಪುಪಟ್ಟಿಯೆಂದು ಶಪಿಸುವ ಪ್ರಮಾಣೀಕರಣವೇ ನಮ್ಮ ಕೈಯಿಂದ ಲೈಸೆನ್ಸ್ ಪುಸ್ತಕವನ್ನು ಬಿಡಿಸಿತು ಎಂಬುದು ನನ್ನ ವಾದ.

ನಿಸ್ತಂತು ಸಂಪರ್ಕದ ಮೊದಲ ದಿನಗಳಲ್ಲಿ ಅಪ್ಪಣೆ ಕೊಡುತ್ತಿದ್ದದ್ದು ಸರ್ಕಾರವೂ ಅಲ್ಲ, ಕಂಪನಿ. ಮಾರ್ಕೋನಿ ಕಂಪನಿ ಹಡಗುಗಳಿಗೆ ಯಂತ್ರವನ್ನು ಬಾಡಿಗೆಗೆ ಕೊಟ್ಟು, ಜೊತೆಗೆ ತನ್ನದೇ ಆಪರೇಟರನ್ನೂ ಕೂರಿಸಿ, ಬೇರೆ ತಯಾರಕರ ಯಂತ್ರದಿಂದ ಬಂದ ಸಂದೇಶಕ್ಕೆ ಉತ್ತರಿಸಕೂಡದೆಂದು ಕಟ್ಟಪ್ಪಣೆ ಮಾಡಿತ್ತು. 1902ರಲ್ಲಿ ಜರ್ಮನಿಯ ಚಕ್ರವರ್ತಿಯ ತಮ್ಮ ಹೈನ್ರಿಕ್ ಅಮೆರಿಕದಿಂದ ಮರಳುವಾಗ ಅಧ್ಯಕ್ಷ ರೂಸ್‌ವೆಲ್ಟರಿಗೆ ಹಡಗಿನಿಂದ ಸಂದೇಶ ಕಳಿಸಬಯಸಿದ. ಹಡಗಿನಲ್ಲಿದ್ದದ್ದು ಜರ್ಮನ್ ಯಂತ್ರ. ದಡದ ಮಾರ್ಕೋನಿ ನಿಲ್ದಾಣ ಅದನ್ನು ಸ್ವೀಕರಿಸಲಿಲ್ಲ. ಈ ಅವಮಾನದ ಬಿಸಿ ಆರುವ ಮೊದಲೇ, 1903ರಲ್ಲಿ, ಬರ್ಲಿನ್‌ನಲ್ಲಿ ಪೂರ್ವಭಾವಿ ಸಮ್ಮೇಳನ ಸೇರಿತು. 1906ರ ಬರ್ಲಿನ್ ಒಪ್ಪಂದ ಯಾವ ಪದ್ಧತಿಯ ಯಂತ್ರವಾದರೂ ದಡದ ನಿಲ್ದಾಣಗಳೂ ಹಡಗುಗಳೂ ಪರಸ್ಪರ ಸಂದೇಶ ಸ್ವೀಕರಿಸಲೇಬೇಕೆಂದು ವಿಧಿಸಿತು, 300 ಮತ್ತು 600 ಮೀಟರ್ ತರಂಗಾಂತರಗಳನ್ನು ಸಾರ್ವಜನಿಕ ಸಂದೇಶಕ್ಕೆ ನಿಗದಿ ಮಾಡಿತು. ಎಲ್ಲರಿಗೂ ಸಮಾನವಾದ ಒಂದು ಅಳತೆ ಸಿಕ್ಕಿದೊಡನೆ ಯಂತ್ರ ಯಾರ ಮನೆಯದು ಎಂಬ ಪ್ರಶ್ನೆ ಹಿಂದೆ ಸರಿಯಿತು. ಪ್ರಮಾಣೀಕರಣದ ಬೀಜ ಇಲ್ಲಿದೆ.

ಅಮೆರಿಕದಲ್ಲಿ ಇದೇ ಜಗಳ ಮತ್ತೆ ನಡೆದದ್ದು ದೂರವಾಣಿಯ ತಂತಿಯ ಮೇಲೆ. ತನ್ನದಲ್ಲದ ಯಾವ ವಸ್ತುವನ್ನೂ ತನ್ನ ಜಾಲಕ್ಕೆ ತಗುಲಿಸಬಾರದೆಂಬುದು ಎಟಿ ಅಂಡ್ ಟಿ ಕಂಪನಿಯ ನಿಯಮ. ಮಾತು ಹೊರಗೆ ಕೇಳದಂತೆ ರಿಸೀವರಿನ ಬಾಯಿಗೆ ಸಿಕ್ಕಿಸುವ ಹಷ್-ಎ-ಫೋನ್ ಎಂಬ ಬಟ್ಟಲಿನಂಥ ಸಾಧನಕ್ಕೂ ಅದು ಅಡ್ಡಬಂತು. 1956ರಲ್ಲಿ ಕೋರ್ಟು ಕಂಪನಿಯ ವಿರುದ್ಧ ತೀರ್ಪಿತ್ತಿತು. ಟೆಕ್ಸಾಸ್‌ನ ಥಾಮಸ್ ಕಾರ್ಟರ್ ರಚಿಸಿದ ಕಾರ್ಟರ್‌ಫೋನ್ ದ್ವಿಮುಖ ರೇಡಿಯೊವನ್ನು ದೂರವಾಣಿಗೆ ಬೆಸೆಯುತ್ತಿತ್ತು. 1968ರಲ್ಲಿ ಫೆಡರಲ್ ಕಮ್ಯುನಿಕೇಷನ್ಸ್ ಕಮಿಷನ್ ಜಾಲಕ್ಕೆ ಹಾನಿಯಾಗದ ಸಾಧನವನ್ನು ಜೋಡಿಸುವುದು ಗ್ರಾಹಕನ ಹಕ್ಕು ಎಂದಿತು. ಕಥೆ ಇಲ್ಲಿಗೆ ಮುಗಿದಿದ್ದರೆ ಈ ತೀರ್ಪು ಕಾಗದದ ಮೇಲೇ ಉಳಿಯುತ್ತಿತ್ತು. ಹಾನಿಯಾಗುವುದಿಲ್ಲ ಎಂದು ಹೇಳುವವರು ಯಾರು ಎಂಬ ಪ್ರಶ್ನೆ ಹಿಡಿದು ಕಂಪನಿ, ಹೊರಗಿನ ಸಾಧನಕ್ಕೂ ಜಾಲಕ್ಕೂ ನಡುವೆ ತನ್ನದೊಂದು ರಕ್ಷಣಾ ಪೆಟ್ಟಿಗೆ ಇರಲೇಬೇಕೆಂದು ಪಟ್ಟುಹಿಡಿದು ಅದಕ್ಕೂ ಬಾಡಿಗೆ ವಸೂಲಿ ಮಾಡಿತು. ಆ ಪೆಟ್ಟಿಗೆಯನ್ನು ಕಿತ್ತೊಗೆದದ್ದು 1970ರ ದಶಕದ ನಡುವೆ ಬಂದ ನೋಂದಣಿ ನಿಯಮ: ನಿಗದಿತ ಪರೀಕ್ಷೆಯಲ್ಲಿ ಪಾಸಾದ ಯಾವ ಸಾಧನವನ್ನಾದರೂ ನೇರವಾಗಿ ಗೋಡೆಯ ಸಾಕೆಟ್ಟಿಗೆ ಚುಚ್ಚಬಹುದು. ಹಕ್ಕನ್ನು ಘೋಷಿಸಿದ್ದು ತೀರ್ಪು. ಅದನ್ನು ಮನೆಮನೆಗೆ ತಲುಪಿಸಿದ್ದು ಪರೀಕ್ಷೆ.

ಗಾಳಿಯಲ್ಲಿ ಇದೇ ತತ್ತ್ವಕ್ಕೆ ಇನ್ನೂ ದೊಡ್ಡ ಫಲ ಸಿಕ್ಕಿತು. 1938ರಷ್ಟು ಹಿಂದೆಯೇ ಅಮೆರಿಕ, ಅತಿ ಸಣ್ಣ ಶಕ್ತಿಯ ಸಾಧನಗಳಿಗೆ ಒಂದು ಮಿತಿ ಹಾಕಿ, ಅದರೊಳಗಿದ್ದರೆ ಬಳಕೆದಾರನಿಗೆ ಲೈಸೆನ್ಸ್ ಬೇಡವೆಂದಿತ್ತು. 1985ರ ಮೇ 9ರಂದು ಅದೇ ದೇಶ, ಮೈಕ್ರೊವೇವ್ ಒಲೆಗಳಂಥ ಯಂತ್ರಗಳ ಗದ್ದಲವಿದ್ದ ಮೂರು ತರಂಗಪಟ್ಟಿಗಳನ್ನು ಹೊಸ ಬಗೆಯ ಸಂವಹನಕ್ಕೆ ತೆರೆಯಿತು. ಅದರಲ್ಲೊಂದು 2.4 ಗಿಗಾಹರ್ಟ್ಸ್. ಒಂದು ವ್ಯಾಟ್ ಮೀರಬಾರದು, ಶಕ್ತಿಯನ್ನು ಅಗಲವಾಗಿ ಹರಡಬೇಕು, ಮಾದರಿ ಪರೀಕ್ಷೆಗೊಳಗಾಗಿರಬೇಕು. ಇಷ್ಟಾದರೆ ಯಾರು ಬೇಕಾದರೂ ಬಳಸಲಿ. ವೈಫೈ ಬೆಳೆದದ್ದು ಈ ಹಿತ್ತಲಿನಲ್ಲಿ. ಅದರ ತಾಂತ್ರಿಕ ಮಾನದಂಡ 1997ರಲ್ಲಿ ಬಂತು. ಒಬ್ಬರ ಸಾಧನ ಇನ್ನೊಬ್ಬರದರೊಡನೆ ಮಾತಾಡುತ್ತದೆಯೇ ಎಂದು ನೋಡಲು ತಯಾರಕರೇ 1999ರಲ್ಲಿ ಒಕ್ಕೂಟ ಕಟ್ಟಿಕೊಂಡರು. ಭಾರತ 2005ರ ಜನವರಿಯಲ್ಲಿ 2.4 ಗಿಗಾಹರ್ಟ್ಸ್ ಪಟ್ಟಿಯನ್ನು ಲೈಸೆನ್ಸಿನಿಂದ ಬಿಡಿಸಿತು. ಅಪ್ಪಣೆ ಮಾಯವಾಗಲಿಲ್ಲ. ದೂರಸಂಪರ್ಕ ಇಲಾಖೆಯ ವೈರ್‌ಲೆಸ್ ಯೋಜನಾ ವಿಭಾಗ ಕೊಡುವ ಮಾದರಿ ಅನುಮೋದನೆಯ ರೂಪದಲ್ಲಿ ಅದು ತಯಾರಕನ, ಆಮದುದಾರನ ಮೇಜಿಗೆ ಹೋಯಿತು.

ಪರೀಕ್ಷೆಗೆ ಬೆಲೆ ತೆರಬೇಕಿಲ್ಲವೆಂದು ಹೇಳಲಾರೆ. ಯುರೋಪಿನ ಡಿಜಿಟಲ್ ಮೊಬೈಲ್ ಪದ್ಧತಿಯಾದ ಜಿಎಸ್ಎಂ ಅದಕ್ಕೆ ಕಣ್ಣೆದುರಿನ ಸಾಕ್ಷಿ. 1987ರಲ್ಲಿ ಕೋಪನ್‌ಹೇಗನ್‌ನಲ್ಲಿ ಒಪ್ಪಂದಕ್ಕೆ ಸಹಿ ಹಾಕಿದ ಕಂಪನಿಗಳು 1991ಕ್ಕೆ ಸೇವೆ ಶುರುಮಾಡುವ ಪಣ ತೊಟ್ಟಿದ್ದವು. ಗೋಪುರಗಳು ನಿಂತವು, ಫಿನ್ಲೆಂಡಿನಲ್ಲಿ ಜುಲೈ 1ರಂದು ಮೊದಲ ಕರೆಯೂ ಹೋಯಿತು. ಆದರೆ ಮಾರಲು ಫೋನುಗಳೇ ಇರಲಿಲ್ಲ. ಹೊಸ ಡಿಜಿಟಲ್ ಫೋನನ್ನು ಪರೀಕ್ಷಿಸಬೇಕಿದ್ದ ಯಂತ್ರವೇ ಸಿದ್ಧವಾಗಿರಲಿಲ್ಲ, ಅದಿಲ್ಲದೆ ಅನುಮೋದನೆಯಿಲ್ಲ. ಜಿಎಸ್ಎಂ ಎಂದರೆ ‘ಗಾಡ್ ಸೆಂಡ್ ಮೊಬೈಲ್ಸ್’ ಎಂದು ಆ ಉದ್ಯಮದವರೇ ಆಡಿಕೊಂಡರು. ಕೊನೆಗೆ 1992ರಲ್ಲಿ, ಅಗತ್ಯ ಪರೀಕ್ಷೆಗಳನ್ನಷ್ಟೇ ಆರಿಸಿದ ತಾತ್ಕಾಲಿಕ ಅನುಮೋದನೆಯ ದಾರಿ ಹುಡುಕಿದ ಮೇಲೆ ಫೋನುಗಳು ಮಾರುಕಟ್ಟೆಗೆ ಬಂದವು. ಇದನ್ನು ನೋಡಿದವರು ಪರೀಕ್ಷೆಯೇ ಬೇಡವೆಂದಿದ್ದರೆ ಆಶ್ಚರ್ಯವಿರಲಿಲ್ಲ. ಯುರೋಪ್ ಬಹುಮಟ್ಟಿಗೆ ಹಾಗೆಯೇ ಮಾಡಿತು: 1999ರಲ್ಲಿ ಹೊರಡಿಸಿ 2000ದ ಏಪ್ರಿಲ್‌ನಿಂದ ಜಾರಿಗೆ ತಂದ ನಿರ್ದೇಶನದ ಮೂಲಕ ಸರ್ಕಾರಿ ಮಾದರಿ ಅನುಮೋದನೆಯನ್ನು ಕೈಬಿಟ್ಟು, ತಯಾರಕನ ಸ್ವಂತ ಘೋಷಣೆಯೊಂದೇ ಸಾಕೆಂದಿತು. ಆಗ ಪರೀಕ್ಷೆ ನಿಂತುಹೋಯಿತೇ? ಇಲ್ಲ. ಕಂಪನಿಗಳೂ ತಯಾರಕರೂ ಸೇರಿ ಅದೇ 1999ರಲ್ಲಿ ಗ್ಲೋಬಲ್ ಸರ್ಟಿಫಿಕೇಷನ್ ಫೋರಂ ಎಂಬ ಸಂಸ್ಥೆಯನ್ನು ತಾವಾಗಿಯೇ ಕಟ್ಟಿ, ಪ್ರಯೋಗಾಲಯದ ಪರೀಕ್ಷೆಯ ಜೊತೆಗೆ ನಿಜವಾದ ಜಾಲಗಳ ಮೇಲೆ ಫೋನನ್ನು ಓಡಿಸಿ ನೋಡುವ ಪದ್ಧತಿ ತಂದರು. ಉತ್ತರ ಅಮೆರಿಕದ ಕಂಪನಿಗಳು 1997ರಲ್ಲೇ ಪಿಟಿಸಿಆರ್‌ಬಿ ಎಂಬ ತಮ್ಮ ಮಂಡಳಿ ಮಾಡಿಕೊಂಡಿದ್ದವು. ಕಾರಣ ಸರಳ. ಕೆಟ್ಟ ಮಿಕ್ಸರು ತನ್ನ ಅಡುಗೆಮನೆಯನ್ನಷ್ಟೇ ಕೆಡಿಸುತ್ತದೆ. ತಪ್ಪು ತಿಳಿದುಕೊಂಡ ಫೋನು ಗೋಪುರವನ್ನು ಮತ್ತೆ ಮತ್ತೆ ಕೂಗಿ ಕರೆದು ಊರಿನವರ ಕರೆಗಳನ್ನೇ ಹಾಳುಮಾಡಬಲ್ಲದು. ಕಾನೂನಿನ ಬಲವಂತ ಹೋದ ಮೇಲೂ ಉಳಿಯುವ ರೂಢಿಯನ್ನು ಬರೀ ಕೆಂಪುಪಟ್ಟಿ ಎನ್ನಲಾಗದು.

ಒಂದೇ ಸಾಧನವನ್ನು ದೇಶ ದೇಶದಲ್ಲೂ ಮತ್ತೆ ಪರೀಕ್ಷೆಗೊಡ್ಡುವುದು ವ್ಯಾಪಾರಕ್ಕೆ ಕಟ್ಟಿದ ಗೋಡೆಯಲ್ಲದೆ ಇನ್ನೇನು ಎಂಬುದು ಬಲವಾದ ಆಕ್ಷೇಪ. ಇದರಲ್ಲಿ ಕಾಳನ್ನೂ ಜೊಳ್ಳನ್ನೂ ಬೇರ್ಪಡಿಸಬೇಕು. ಜಗತ್ತನ್ನು ಮೂರು ವಲಯಗಳಾಗಿ ಹಂಚಿಕೊಂಡ ಅಂತರರಾಷ್ಟ್ರೀಯ ಏರ್ಪಾಡಿನಲ್ಲಿ ಅಮೆರಿಕ ಖಂಡಗಳು 902ರಿಂದ 928 ಮೆಗಾಹರ್ಟ್ಸ್ ಪಟ್ಟಿಯನ್ನು ಮುಕ್ತ ಬಳಕೆಗೆ ಬಿಟ್ಟವು. ಯುರೋಪಿನಲ್ಲಿ, ಆಮೇಲೆ ಭಾರತದಲ್ಲಿ, ಅದೇ ಜಾಗದ ಒಂದು ಭಾಗ ಜಿಎಸ್ಎಂ ಪಾಲಾಯಿತು: 890ರಿಂದ 915ರವರೆಗೆ ಫೋನು ಮಾತಾಡುತ್ತದೆ, ಗೋಪುರ ಕೇಳುತ್ತದೆ. ಅಮೆರಿಕದಲ್ಲಿ ಸಂಪೂರ್ಣ ಕಾನೂನುಬದ್ಧವಾದ ಸಾಧನವನ್ನು ಬೆಂಗಳೂರಿಗೆ ತಂದು ಹಚ್ಚಿದರೆ ಅದು ಗೋಪುರದ ಕಿವಿಗೇ ಕೂಗಬಹುದು. ಯುರೋಪಿನಲ್ಲಿ 868, ಭಾರತದಲ್ಲಿ 865 ಮೆಗಾಹರ್ಟ್ಸ್‌ನ ಸುತ್ತಮುತ್ತ ಇಂಥ ಸಾಧನಗಳಿಗೆ ಜಾಗ ಕೊಟ್ಟದ್ದು ಅದಕ್ಕೇ. ಈ ವ್ಯತ್ಯಾಸಕ್ಕೆ ಇತಿಹಾಸದ ಕಾರಣವಿದೆ, ಪರೀಕ್ಷೆ ಬೇರೆಯಾಗಲೇಬೇಕು. ದೇಹ ಹೀರುವ ತರಂಗಶಕ್ತಿಯ ಮಿತಿಯ ಮಾತು ಹಾಗಲ್ಲ. ಅಮೆರಿಕದ್ದು ಒಂದು ಗ್ರಾಂ ಅಂಗಾಂಶದ ಸರಾಸರಿಯಲ್ಲಿ ಕಿಲೊಗೆ 1.6 ವ್ಯಾಟ್, ಯುರೋಪಿನದು 10 ಗ್ರಾಂ ಸರಾಸರಿಯಲ್ಲಿ 2 ವ್ಯಾಟ್. 2012ರಲ್ಲಿ ಭಾರತ ಅಮೆರಿಕದ ಅಳತೆಗೆ ಬಂತು. ಮನುಷ್ಯನ ತಲೆ ಸಾಗರ ದಾಟಿದರೆ ಬದಲಾಗುವುದಿಲ್ಲ. ಒಂದೇ ಅಳತೆಗೆ ಒಪ್ಪಿದ ದೇಶಗಳೂ ಒಬ್ಬರ ಪ್ರಯೋಗಾಲಯದ ವರದಿಯನ್ನು ಇನ್ನೊಬ್ಬರು ಒಪ್ಪದಿದ್ದರೆ ಅದು ಗೋಡೆಯೇ, ಅದನ್ನು ಕೆಡವಬೇಕೆಂಬ ಆಕ್ಷೇಪಕರ ಮಾತು ನನಗೂ ಸಮ್ಮತ.

ಇನ್ನೊಂದು ಆಕ್ಷೇಪ ಹೆಚ್ಚು ಗಂಭೀರ: ಸರ್ಕಾರದ ಮೊಹರು ಸಿಕ್ಕಿದ ಮೇಲೂ ಮೊಬೈಲ್ ಕಂಪನಿ ತನ್ನದೇ ಪ್ರಮಾಣಪತ್ರ ಕೇಳುವುದು ಮಾರ್ಕೋನಿಯ ಕಟ್ಟಪ್ಪಣೆಯೇ ಹೊಸ ವೇಷದಲ್ಲಿ ಮರಳಿದಂತಲ್ಲವೇ? ಅಪಾಯ ನಿಜ. ತಪ್ಪು ಪರೀಕ್ಷೆಯದಲ್ಲ, ಅದನ್ನು ಗುಟ್ಟಾಗಿಟ್ಟು ಮನಸ್ಸಿಗೆ ಬಂದಂತೆ ಬಳಸುವ ಅಧಿಕಾರದ್ದು. 2007ರಲ್ಲಿ ಅಮೆರಿಕ 700 ಮೆಗಾಹರ್ಟ್ಸ್ ಹರಾಜಿನ ಒಂದು ಭಾಗಕ್ಕೆ, ಗೆದ್ದವರು ಜಾಲಕ್ಕೆ ಹಾನಿ ಮಾಡದ ಸಾಧನಗಳನ್ನು ತಡೆಯಕೂಡದೆಂಬ ಷರತ್ತು ಹಾಕಿದಾಗ ಕಾರ್ಟರ್‌ನ ಹಕ್ಕು ತಂತಿಯಿಂದ ಗಾಳಿಗೆ ಏರಿತು. ಆ ಷರತ್ತು ನಿಲ್ಲುವುದೂ ಹಾನಿ ಎಂದರೇನೆಂದು ಹೇಳುವ ಮಾನದಂಡ ಬಹಿರಂಗವಾಗಿದ್ದರೆ ಮಾತ್ರ.

ಭಾರತದಲ್ಲಿ 2017ರ ನಿಯಮಗಳಡಿ ದೂರಸಂಪರ್ಕ ಎಂಜಿನಿಯರಿಂಗ್ ಕೇಂದ್ರದ ಕಡ್ಡಾಯ ಪರೀಕ್ಷೆ ಬಂದಿದೆ. ಅದರ ಹೊರೆ ದೊಡ್ಡ ಕಂಪನಿಗೂ ಪೀಣ್ಯದ ಸಣ್ಣ ಕಾರ್ಖಾನೆಗೂ ಒಂದೇ ತೂಕದ್ದಾಗಿ ಬೀಳುವುದಿಲ್ಲ. ತೋಟದ ಪಂಪ್‌ಸೆಟ್ಟನ್ನು ದೂರದಿಂದ ಚಾಲೂ ಮಾಡುವ ಪೆಟ್ಟಿಗೆ ತಯಾರಿಸುವವನಿಗೆ ಪರೀಕ್ಷೆಯ ವೆಚ್ಚ ಕೆಲವು ನೂರು ಪೆಟ್ಟಿಗೆಗಳ ಮೇಲೆ ಹಂಚಿಕೆಯಾಗಬೇಕು. ಮೊದಲೇ ಪ್ರಮಾಣಿತವಾದ ರೇಡಿಯೊ ಮಾಡ್ಯೂಲನ್ನು ಕೊಂಡು ಒಳಗೆ ಕೂರಿಸಿದವನಿಗೆ ಭಾರ ಇಳಿಸುವುದು ನ್ಯಾಯ. ಪರೀಕ್ಷೆಯನ್ನೇ ತೆಗೆಯಿರಿ ಎನ್ನುವವರು ಮಾತ್ರ 2023ರ ದೂರಸಂಪರ್ಕ ಕಾಯ್ದೆಯನ್ನೊಮ್ಮೆ ಓದಬೇಕು. 1885ರ ಟೆಲಿಗ್ರಾಫ್ ಕಾಯ್ದೆಯ ಜೊತೆಗೆ ಲೈಸೆನ್ಸ್ ಪುಸ್ತಕದ ತಾಯಿಯಾದ 1933ರ ಕಾಯ್ದೆಯ ಜಾಗಕ್ಕೂ ಬಂದಿರುವ ಶಾಸನ ಅದು. ರೇಡಿಯೊ ಉಪಕರಣ ಹೊಂದಿರಲು ಸರ್ಕಾರದ ಅನುಮತಿ ಬೇಕೆಂಬ ವಿಧಿ ಅದರಲ್ಲೂ ಇದೆ. ಕಿವಿಯ ಇಯರ್‌ಫೋನಿಗೂ ಗೋಡೆಯ ರೌಟರಿಗೂ ನಾವು ಅಂಚೆ ಕಚೇರಿಯ ಸಾಲಿನಲ್ಲಿ ನಿಲ್ಲದಿರುವುದು ಆ ವಿಧಿಯಿಂದ ಕೊಡುವ ವಿನಾಯಿತಿಯ ಬಲದಿಂದ, ಮತ್ತು ಆ ವಿನಾಯಿತಿ ಸಲ್ಲುವುದು ನಿಗದಿತ ಶಕ್ತಿ, ನಿಗದಿತ ಪಟ್ಟಿ ಮೀರದೆಂದು ಯಾರೋ ಅಳೆದು ನೋಡಿರುವ ಯಂತ್ರಕ್ಕೆ.